ಅಂಡನಾಳವನ್ನು ದಾಟಿದರೆ ಸಾಕೆ? ದೀರ್ಘಕಾಲದ ಶ್ರೋಣಿ ಉರಿಯೂತ ಮತ್ತು ಐವಿಎಫ್

ಅಂಡವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಫಲಗೊಳಿಸಿ, ಭ್ರೂಣವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸಿದರೆ ಅಂಡನಾಳದ ಗೊಡವೆಯೇ ಇರದು ಎಂಬ ಎಣಿಕೆಯಲ್ಲೇ ಐವಿಎಫ್ ಬೆಳೆದದ್ದು. 1978ರಲ್ಲಿ ಜನಿಸಿದ ಲೂಯಿಸ್ ಬ್ರೌನ್ ಅವರ ತಾಯಿಗೆ ಎರಡೂ ನಾಳಗಳು ಮುಚ್ಚಿದ್ದವು. ಆ ಪ್ರಕರಣದ ಒಂದು ವಿವರ ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ: ಹಿಂದಿನ ವರ್ಷವೇ ಶಸ್ತ್ರಕ್ರಿಯೆ ನಡೆಸಿ, ಕೆಟ್ಟ ನಾಳಗಳ ಉಳಿಕೆಯನ್ನು ತೆಗೆದು, ಅಂಟಿಕೊಂಡ ಅಂಗಾಂಶವನ್ನು ಬಿಡಿಸಲಾಗಿತ್ತು. ಅಂಡಾಶಯ ಕೈಗೆಟುಕಲೆಂದು ಮಾಡಿದ ಕೆಲಸವದು. ನಾಳ ತೆಗೆಯುವುದರಿಂದ ಗರ್ಭ ನಿಲ್ಲಲೂ ಅನುಕೂಲವೆಂಬುದಕ್ಕೆ ಗಟ್ಟಿ ಪುರಾವೆ ಸಿಗಲು ಎರಡು ದಶಕ ಹಿಡಿಯಿತು.

ನಾಳಗಳನ್ನು ಹೀಗೆ ಕೆಡಿಸುವುದು ಶ್ರೋಣಿಯ ಸೋಂಕು ತರುವ ಉರಿಯೂತ, ಅದು ಮರುಕಳಿಸಿದಷ್ಟೂ ಹಾನಿ ಹೆಚ್ಚು. ಸ್ವೀಡನ್ನಿನ ಲುಂಡ್‌ನಿಂದ 1992ರಲ್ಲಿ ಪ್ರಕಟವಾದ ವೆಸ್ಟ್ರಮ್ ತಂಡದ ಅಧ್ಯಯನದಲ್ಲಿ ನಾಳದೋಷದ ಬಂಜೆತನ ಒಮ್ಮೆ ಉರಿಯೂತವಾದವರಲ್ಲಿ ಶೇ. 8, ಎರಡು ಸಲ ಆದವರಲ್ಲಿ ಶೇ. 19.5, ಮೂರು ಅಥವಾ ಹೆಚ್ಚು ಸಲ ಆದವರಲ್ಲಿ ಶೇ. 40.

ನಾಳದ ತುದಿಯ ಬೆರಳಿನಂಥ ಎಳೆಗಳು ಅಂಟಿಕೊಂಡು ಬಾಯಿ ಮುಚ್ಚಿದರೆ ಒಳಗೆ ದ್ರವ ತುಂಬುತ್ತದೆ, ಇದೇ ಹೈಡ್ರೊಸಾಲ್ಪಿಂಕ್ಸ್. ಸ್ಕ್ಯಾನ್‌ನಲ್ಲಿ ಅದು ಅಂಡಾಶಯದ ಪಕ್ಕ ಮಡಚಿಕೊಂಡ ಕಪ್ಪು ಕೊಳವೆಯಾಗಿ ಕಾಣುತ್ತದೆ, ನಡುನಡುವೆ ಅರೆಗೋಡೆಗಳು. ಹಾರ್ಮೋನ್ ಚುಚ್ಚುಮದ್ದು ಶುರುವಾದ ಮೇಲೆ ಅದು ಹಿಗ್ಗುವುದೂ ಉಂಟು. ಹೊರಬಾಯಿ ಮುಚ್ಚಿದ್ದರಿಂದ ದ್ರವ ಗರ್ಭಕೋಶದತ್ತ ಜಿನುಗುತ್ತದೆ. ಅದು ಭ್ರೂಣವನ್ನು ತೊಳೆದು ಹಾಕುತ್ತದೆಯೋ, ಒಳಪದರದ ಗ್ರಹಣಶಕ್ತಿಯನ್ನು ಕುಂದಿಸುತ್ತದೆಯೋ ಎಂಬ ವಾದ ಇನ್ನೂ ಮುಗಿದಿಲ್ಲ, ಎರಡೂ ನಿಜವಿರಬಹುದು. ಪರಿಣಾಮದ ಬಗ್ಗೆ ತಕರಾರಿಲ್ಲ: ಐವಿಎಫ್‌ನಲ್ಲಿ ಗರ್ಭಧಾರಣೆಯ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

1999ರ ಸ್ಕ್ಯಾಂಡಿನೇವಿಯನ್ ಪ್ರಯೋಗದಲ್ಲಿ ಐವಿಎಫ್‌ಗೆ ಮುಂಚೆ ಇಂಥ ನಾಳ ತೆಗೆಸಿಕೊಂಡವರಲ್ಲಿ ಹೆರಿಗೆಯ ಪ್ರಮಾಣ ಶೇ. 28.6, ಉಳಿದವರಲ್ಲಿ ಶೇ. 16.3. ಸ್ಕ್ಯಾನ್‌ನಲ್ಲಿ ಕಾಣುವಷ್ಟು ಹಿಗ್ಗಿದ ನಾಳಗಳಿದ್ದವರಿಗೇ ಹೆಚ್ಚು ಲಾಭವಾಯಿತು. ಹಾಗಾಗಿ ಕೆಟ್ಟ ನಾಳವನ್ನೆಲ್ಲ ಕತ್ತರಿಸುವ ಆತುರ ಸಲ್ಲದು. ಅಂಡಾಶಯಕ್ಕೆ ರಕ್ತ ಒಯ್ಯುವ ಕವಲುಗಳು ನಾಳದ ಬುಡದಲ್ಲೇ ಹಾಯುತ್ತವೆ, ಕತ್ತರಿಸುವಾಗ ಅವಕ್ಕೆ ಪೆಟ್ಟಾಗಬಹುದು. ಕರುಳು ಅಂಟಿಕೊಂಡಿದ್ದಲ್ಲಿ ದ್ರವ ಜಿನುಗದಂತೆ ಗರ್ಭಕೋಶದ ಬಳಿ ನಾಳಕ್ಕೆ ಕ್ಲಿಪ್ ಹಾಕಿ ಹಿಂದೆ ಸರಿಯುವುದೇ ಜಾಣತನ.

ಗರ್ಭಕೋಶದ ಒಳಪದರದ ದೀರ್ಘಕಾಲದ ಉರಿಯೂತದ ವಿಚಾರ ಇಷ್ಟು ಸ್ಪಷ್ಟವಿಲ್ಲ. ಒಳಪದರದ ತುಣುಕಿನಲ್ಲಿ ಸಿಡಿ-138 ಎಂಬ ಪ್ರೋಟೀನನ್ನು ತೋರಿಸುವ ಬಣ್ಣ ಹಿಡಿದ ಪ್ಲಾಸ್ಮಾ ಕೋಶಗಳೇ ಗುರುತು. ಎಷ್ಟು ಕಂಡರೆ ರೋಗ ಎಂಬುದರಲ್ಲಿ ಒಮ್ಮತವಿಲ್ಲ. ಸಾಮಾನ್ಯವಾಗಿ ಎರಡು ವಾರ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ಕೊಡುತ್ತಾರೆ. ಭಾರತದಲ್ಲಿ ಜನನಾಂಗದ ಕ್ಷಯವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಬ್ಯಾಕ್ಟೀರಿಯಾ ವಿರಳವಾದ್ದರಿಂದ ಕಲ್ಚರ್ ಎಷ್ಟೋ ಸಲ ನೆಗೆಟಿವ್ ಬರುತ್ತದೆ. ಪಿಸಿಆರ್ ಒಂದನ್ನೇ ನಂಬಿದರೆ ಇಲ್ಲದ ರೋಗಕ್ಕೂ ಆರು ತಿಂಗಳ ಔಷಧ ನುಂಗಬೇಕಾದೀತು. ಔಷಧ ಸೋಂಕನ್ನು ಕೊಲ್ಲುತ್ತದೆ, ಕಲೆಗಟ್ಟಿದ ಒಳಪದರವನ್ನು ಮರಳಿ ಬೆಳೆಸುವುದಿಲ್ಲ. ಆದ್ದರಿಂದ ಕ್ಷಯಕ್ಕೆ ಔಷಧ ಪಡೆದವರಲ್ಲಿ ಭ್ರೂಣ ವರ್ಗಾವಣೆಗೆ ಮುಂಚೆಯೇ ಹಿಸ್ಟರೊಸ್ಕೋಪಿಯಿಂದ ಗರ್ಭಕೋಶದ ಒಳಗನ್ನು ನೋಡಿಬಿಡುವುದು ಒಳಿತು.