ಕಲಿಸಿ ಕೆಲಸ ಕಳೆದುಕೊಂಡವರು
1868ರ ನಂತರ ಜಪಾನಿನ ಮೈಜಿ ಸರಕಾರ ಪಾಶ್ಚಾತ್ಯ ವಿದ್ಯೆ ಕಲಿಸಲೆಂದು ನೂರಾರು ವಿದೇಶಿ ತಜ್ಞರನ್ನು ಭಾರೀ ಸಂಬಳ ಕೊಟ್ಟು ಕರೆಸಿಕೊಂಡಿತು. ಆದರೆ ನೌಕರಿ ಶಾಶ್ವತವಲ್ಲ. ಸ್ಥಳೀಯ ಶಿಷ್ಯರು ತಯಾರಾದೊಡನೆ ಗುರುವಿಗೆ ಬೀಳ್ಕೊಡುಗೆ.

ಲಂಡನ್ನಿನ ವಾಸ್ತುಶಿಲ್ಪಿ ಜೊಸಾಯಾ ಕಾಂಡರ್ 1877ರಲ್ಲಿ ಟೋಕಿಯೊಗೆ ಬಂದಾಗ ಅವರ ವಯಸ್ಸು 24. ಸರಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದರು. ವಿದೇಶಿ ಅತಿಥಿಗಳ ಸತ್ಕಾರಕ್ಕೆಂದು ಅವರು ರೂಪಿಸಿದ ರೊಕುಮೈಕಾನ್ ಭವನ 1883ರಲ್ಲಿ ಪೂರ್ಣಗೊಂಡಿತು. ಮರುವರ್ಷವೇ ಅವರ ಪ್ರಾಧ್ಯಾಪಕ ಸ್ಥಾನಕ್ಕೆ ಅವರದೇ ಶಿಷ್ಯ ತತ್ಸುನೊ ಕಿಂಗೊ ಬಂದರು. 1914ರಲ್ಲಿ ತೆರೆದ ಟೋಕಿಯೊ ರೈಲು ನಿಲ್ದಾಣವನ್ನು ರೂಪಿಸಿದವರು ಇವರೇ.

ಕೆಲಸ ಕೈಬಿಟ್ಟರೂ ಕಾಂಡರ್ ಸ್ವದೇಶದಲ್ಲಿ ನೆಲೆಸಲು ಮರಳಲಿಲ್ಲ. ಅಷ್ಟರಲ್ಲಾಗಲೇ ಅವರು ಚಿತ್ರಕಾರ ಕವನಾಬೆ ಕ್ಯೊಸಾಯ್ ಅವರ ಶಿಷ್ಯರಾಗಿದ್ದರು. ಮುಂದೆ ಸ್ವಂತ ಕಚೇರಿ ತೆರೆದರು, ಜಪಾನೀ ಮಹಿಳೆಯನ್ನು ಮದುವೆಯಾದರು. 1920ರಲ್ಲಿ ತೀರಿಕೊಂಡ ಅವರ ಸಮಾಧಿ ಟೋಕಿಯೊದ ಗೊಕೊಕುಜಿ ಬೌದ್ಧ ದೇವಾಲಯದಲ್ಲಿದೆ. ಕಲಿಸಲು ಬಂದವರನ್ನು ಆ ಊರಲ್ಲಿ ಉಳಿಸಿದ್ದು ಕಲಿಯುವ ಆಸೆ.