ಗಾಯ ಮಾಯಿತು, ಕಲೆ ಉಳಿಯಿತು

ಹಾವೇರಿಯ ಕಾಲೇಜೊಂದರಲ್ಲಿ ಕಾರ್ಯಕ್ರಮ ಮುದ್ರಿಸಿಕೊಳ್ಳುತ್ತಿದ್ದಾಗ ಹುಡುಗಿಯರ ಸಾಲಿನಿಂದ ಹೆಸರಿಲ್ಲದ ಚೀಟಿಯೊಂದು ಬಂತು: 'ಸ್ತನವನ್ನು ದೊಡ್ಡದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಕಲೆಯೇ ಉಳಿಯುವುದಿಲ್ಲವಂತೆ, ನಿಜವೆ?' ಸಭೆಯಲ್ಲಿ ನಗು ಎದ್ದಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಅದಕ್ಕೆ ಇತಿಹಾಸವೇ ಉತ್ತರ ಹೇಳುತ್ತದೆ.

ಕಲೆಯ ಚಿಂತೆ ಹೊಸದಲ್ಲ. ಸುಶ್ರುತ ಸಂಹಿತೆಯು ಗಾಯಕ್ಕೆ 60 ಬಗೆಯ ಉಪಚಾರಗಳನ್ನು ಹೇಳುತ್ತದೆ. ಗಾಯ ಮಾಯ್ದ ಜಾಗಕ್ಕೆ ಚರ್ಮದ ಸಹಜ ಬಣ್ಣವನ್ನೂ ಕೂದಲನ್ನೂ ಮರಳಿ ತರುವ ಉಪಾಯಗಳು ಅವುಗಳಲ್ಲಿ ಸೇರಿವೆ.

ಮುಂದಿನ ಕಥೆ ನಮ್ಮ ನಾಡಿನ ಯುದ್ಧಕ್ಕೆ ಸಂಬಂಧಿಸಿದ್ದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಗೆ 1997ರವರೆಗೆ ಜಿಲ್ಲಾ ಕೇಂದ್ರವಾಗಿದ್ದ ಧಾರವಾಡದ ಕೋಟೆಗೆ ಮರಾಠರು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದು ಮೂರನೆಯ ಮೈಸೂರು ಯುದ್ಧದಲ್ಲಿ (1790–92). ಅದೇ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುವ ಕವಾಸ್ಜಿ ಎಂಬಾತ ಟಿಪ್ಪುವಿನ ಸೇನೆಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಕಡೆಯ ದೇಶೀ ಶಸ್ತ್ರವೈದ್ಯನೊಬ್ಬ ಅವನ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕಟ್ಟಿದ. ಈ ಸಂಗತಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್'ನಲ್ಲಿ ಚಿತ್ರಸಹಿತ ಅಚ್ಚಾಯಿತು. ಹಣೆಯ ಕಲೆ ಕಾಲಕ್ರಮದಲ್ಲಿ ಅಷ್ಟಾಗಿ ಎದ್ದು ಕಾಣದೆಂದು ವರದಿ ಹೇಳಿತು. ಕಲೆ ಇಲ್ಲವೆಂದು ಹೇಳಲಿಲ್ಲ. ಮುಂದೆ 1814ರಲ್ಲಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಇದೇ ವಿಧಾನವನ್ನು ಅನುಸರಿಸಿದ.

ಹೀಗೆ ಕಳೆದುಹೋದ ಅಂಗವನ್ನು ಮರಳಿ ಕಟ್ಟಲು ಹುಟ್ಟಿದ ವಿದ್ಯೆ ಬರಬರುತ್ತ ಇರುವ ಅಂಗದ ಆಕಾರ ಬದಲಿಸಲೂ ಬಳಕೆಯಾಯಿತು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕ್ರೋನಿನ್ ಮತ್ತು ಜೆರೋ ಎಂಬ ವೈದ್ಯರು ಸಿಲಿಕೋನ್ ಚೀಲಗಳನ್ನು ಮೊದಲ ಬಾರಿಗೆ ಮಹಿಳೆಯೊಬ್ಬರ ಸ್ತನಗಳಲ್ಲಿ ಇಟ್ಟರು. ಕೊಯ್ದ ಗೆರೆಯನ್ನು ಸ್ತನದ ಕೆಳಮಡಿಕೆಯಲ್ಲೋ ಕಂಕುಳಲ್ಲೋ ಮರೆಮಾಡಬಹುದು. ಆದರೆ ಒಳಗೆ ಇನ್ನೊಂದು ಕಲೆ ಬೆಳೆಯುತ್ತದೆ. ಹೊರಗಿನ ವಸ್ತು ಒಳಸೇರಿದಾಗ ದೇಹವು ಕೊಲಾಜನ್ ಎಂಬ ನಾರಿನಿಂದ ಅದರ ಸುತ್ತ ಗವಸು ನೇಯುತ್ತದೆ. ಇದು ಎಲ್ಲರಲ್ಲೂ ಆಗುವಂಥದ್ದು. ಕೆಲವರಲ್ಲಿ ಆ ಗವಸು ಬಿಗಿಯಾಗಿ ಸ್ತನ ಗಟ್ಟಿಯಾಗುತ್ತದೆ, ನೋಯುತ್ತದೆ. ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸುರಕ್ಷತೆಯ ಪ್ರಶ್ನೆಗಳಿಂದಾಗಿ ಅಮೆರಿಕ 1992ರಲ್ಲಿ ಸಿಲಿಕೋನ್ ಜೆಲ್ ಚೀಲಗಳ ಬಳಕೆಯನ್ನು ನಿರ್ಬಂಧಿಸಿ, 2006ರಲ್ಲಿ ಮತ್ತೆ ಅನುಮತಿ ನೀಡಿತು.

ಕಿವಿ ಚುಚ್ಚಿಸಿದಲ್ಲಿ ಗಂಟು ಬೆಳೆದದ್ದನ್ನು ನೀವು ನೋಡಿರಬಹುದು. ಅದು ಕೀಲಾಯ್ಡ್, ಗಾಯದ ಎಲ್ಲೆ ಮೀರಿ ಬೆಳೆಯುವ ಕಲೆ. ನಮ್ಮಂಥ ಕಂದು ಚರ್ಮದವರಲ್ಲಿ, ಅದರಲ್ಲೂ ಎದೆ, ಭುಜಗಳ ಮೇಲೆ, ಇದರ ಸಂಭವ ಹೆಚ್ಚು. ಇದು ಯಾರ ತಪ್ಪೂ ಅಲ್ಲ, ಶಾಪವೂ ಅಲ್ಲ.

ಚೀಟಿ ಬರೆದ ಹುಡುಗಿಗೆ ನನ್ನ ಉತ್ತರ ಇಷ್ಟೆ: ಶಸ್ತ್ರವೈದ್ಯರು ಕಲೆಯ ಜಾಗವನ್ನು ಆರಿಸಬಲ್ಲರು, ಅದನ್ನು ತೆಳುವಾಗಿಸಬಲ್ಲರು, ಪೂರ್ತಿ ಅಳಿಸಲಾರರು. ಕಲೆ ಉಳಿಯದೆಂದು ಯಾರಾದರೂ ಹೇಳಿದರೆ, ಎಲ್ಲಿ ಉಳಿಯುತ್ತದೆ ಎಂದು ಕೇಳು.