ಅಮೃತಾಂಜನ್ ಸೇತುವೆಯ 1830: ಭೋರ್ ಘಾಟಿನ ರೈಲು ನಕ್ಷೆಗೆ ಅಂಟಿದ ಒಂದು ತಪ್ಪು ಇಸವಿ

2020ರ ಏಪ್ರಿಲ್ 5ರಂದು, ಲಾಕ್‌ಡೌನಿನಿಂದಾಗಿ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಬಿಕೋ ಎನ್ನುತ್ತಿದ್ದಾಗ, ಲೋಣಾವಳಾ ಸಮೀಪದ ಅಮೃತಾಂಜನ್ ಸೇತುವೆಯನ್ನು ಸ್ಫೋಟಕ ಇಟ್ಟು ಕೆಡವಲಾಯಿತು. ಹೆಚ್ಚಿನ ವರದಿಗಳು ಅದರ ವಯಸ್ಸು 190 ವರ್ಷ ಎಂದು ಬರೆದವು. 1830ರಲ್ಲಿ ಕಟ್ಟಿದ ರೈಲು ಸೇತುವೆ ಎಂಬ ಮಾತು ಅಂತರಜಾಲದ ವಿಶ್ವಕೋಶದಲ್ಲಿ ಈಗಾಗಲೇ ಓಡಾಡುತ್ತಿತ್ತು. ಅಲ್ಲಿಂದ ಪತ್ರಿಕೆಗೆ, ಪತ್ರಿಕೆಯಿಂದ ‘ಆಧಾರ’ವಾಗಿ ಮತ್ತೆ ಅಲ್ಲಿಗೇ ಬರುವ ಇಂಥ ಮಾತು ಒಮ್ಮೆ ಮುಕ್ತ ಭೂದತ್ತಾಂಶಕ್ಕೆ ಇಳಿದರೆ ಕಿತ್ತುಹಾಕುವುದು ಕಷ್ಟ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಬ್ಬರು ತುಂಬಿದ ಇಸವಿಯನ್ನು ಅದರ ಮೇಲೆ ನಿಂತ ಹತ್ತಾರು ನಕ್ಷೆಗಳು ಪ್ರಶ್ನಿಸದೆ ಎತ್ತಿಕೊಳ್ಳುತ್ತವೆ.

‘1830ರ ರೈಲು ಸೇತುವೆ’ ಎಂಬ ಮೂರು ಪದಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡೋಣ. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಶುರುವಾದದ್ದೇ 1830ರ ಸೆಪ್ಟೆಂಬರ್ 15ರಂದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ ಹುಟ್ಟಿದ್ದು 1849ರಲ್ಲಿ, ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಹೊರಟಿದ್ದು 1853ರ ಏಪ್ರಿಲ್ 16ರಂದು. ಸಹ್ಯಾದ್ರಿಯ ಕಡಿದಾದ ಅಂಚಿನಲ್ಲಿ ಅದಕ್ಕೂ 23 ವರ್ಷ ಮೊದಲೇ ರೈಲಿಗಾಗಿ ಕಲ್ಲಿನ ಕಮಾನು ಎದ್ದಿತ್ತು ಎನ್ನುವುದು ಅಸಾಧ್ಯ. ಇಸವಿ ಬೇಕೆಂದರೆ ರೈಲನ್ನು ಬಿಡಬೇಕು. ರೈಲು ಬೇಕೆಂದರೆ ಇಸವಿಯನ್ನು ಬಿಡಬೇಕು.

ಹಾಗಾದರೆ 1830 ಎಲ್ಲಿಂದ ಬಂತು? ಉತ್ತರ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗೆಜೆಟಿಯರಿನ ಪುಣೆ ಸಂಪುಟದಲ್ಲಿದೆ (1885). ನಕ್ಷೆ ಬಿಡಿಸುವ ಉತ್ಸಾಹಿಗಳು ಈ ಸಂಪುಟವನ್ನು ತೆರೆಯುವುದಿಲ್ಲ. ಉಪಗ್ರಹ ಚಿತ್ರ ಕೈಗೆ ಸಿಕ್ಕಮೇಲೆ ಹಳೆಯ ಅಚ್ಚಿನ ಪುಟಗಳೇಕೆ ಎಂಬ ಅವರ ಧೋರಣೆಯನ್ನು ನಾನು ಒಪ್ಪಲಾರೆ. ಭೋರ್ ಘಾಟಿನ ಗಾಡಿ ರಸ್ತೆಯನ್ನು ಗವರ್ನರ್ ಸರ್ ಜಾನ್ ಮಾಲ್ಕಮ್ 1830ರ ನವೆಂಬರ್ 10ರಂದು ಸಂಚಾರಕ್ಕೆ ತೆರೆದ. ಅಂದರೆ 1830 ರಸ್ತೆಯ ಇಸವಿ. ಅದೇ ಘಾಟಿನಲ್ಲಿ ಮುಂದೆ ಎದ್ದ ರೈಲು ಕಮಾನಿನ ತಲೆಗೆ ಅದನ್ನು ಕಟ್ಟಿದ್ದಾರೆ.

ಈ ಗೊಂದಲಕ್ಕೆ ಇನ್ನೂ ಒಂದು ಕಾರಣವಿದೆ. ಅದನ್ನು ಯಾರೂ ಗಮನಿಸಿದಂತೆ ಕಾಣದು. ಖಂಡಾಳಾ–ಪುಣೆ ಮಾರ್ಗದಲ್ಲಿ ಗಾಡಿ ಓಡಿದ್ದು 1858ರ ಜೂನ್ 14ರಿಂದ. ಕೆಳಗೆ ಪಳಸದರಿ–ಖೋಪೋಲಿ ಮಾರ್ಗ 1856ರಲ್ಲೇ ತೆರೆದಿತ್ತು. ನಡುವಿನ ಘಾಟಿ ಮಾತ್ರ 1863ರ ಮೇ 14ರವರೆಗೆ ಬಾಕಿ ಇತ್ತು. ಆ ಐದು ವರ್ಷ ಪ್ರಯಾಣಿಕರು ಖೋಪೋಲಿಯಲ್ಲಿ ಇಳಿದು, ಮೇಣೆಯಲ್ಲೋ ಕುದುರೆ ಮೇಲೋ ಮಾಲ್ಕಮನ ರಸ್ತೆ ಹತ್ತಿ ಖಂಡಾಳಾದಲ್ಲಿ ಮತ್ತೆ ರೈಲು ಹಿಡಿಯುತ್ತಿದ್ದರು. ಹೀಗೆ ಆ ರಸ್ತೆ ಕೆಲಕಾಲ ರೈಲು ಪ್ರಯಾಣದ ಭಾಗವೇ ಆಗಿತ್ತು. ‘ಮುಂಬಯಿ–ಪುಣೆ ಮಾರ್ಗ, ಆರಂಭ 1863’ ಎಂದು ಒಂದೇ ಸಾಲು ತುಂಬುವವರು ಈ ತುಂಡು ಚರಿತ್ರೆಯನ್ನು ಅಳಿಸಿಹಾಕುತ್ತಾರೆ. ಪುಣೆಗೆ ರೈಲು ಬಂದದ್ದು 1858ರಲ್ಲಿ, ಮುಂಬಯಿಯಿಂದ ನೇರ ಗಾಡಿ ಬಂದದ್ದು 1863ರಲ್ಲಿ. ಇವು ಬೇರೆ ಬೇರೆ ದಾಖಲೆಗಳಾಗಬೇಕು.

ಸೇತುವೆಯ ನೆಲೆಯನ್ನು ನೋಡಿದರೂ ಅದು ರಸ್ತೆಯದಲ್ಲ, ರೈಲಿನದು ಎಂಬ ನಿರ್ಣಯಕ್ಕೇ ಬರುತ್ತೇವೆ. ಹಳೆಯ ಹೆದ್ದಾರಿಯೂ ಆಮೇಲೆ ಎಕ್ಸ್‌ಪ್ರೆಸ್‌ವೇಯೂ ಅದರ ಕಂಬಗಳ ನಡುವೆ ಕೆಳಗಿನಿಂದ ಹಾದುಹೋಗುತ್ತಿದ್ದವು. ರಸ್ತೆ ತನ್ನನ್ನೇ ದಾಟಲು ಅಷ್ಟು ಎತ್ತರದ ಕಮಾನು ಕಟ್ಟಿಕೊಳ್ಳುವುದಿಲ್ಲ. ಘಾಟಿಯ ತಿರುವುಗಳಲ್ಲಿ ರಸ್ತೆ ತನ್ನ ಮೇಲೇ ಮಡಚುವುದುಂಟು, ಆದ್ದರಿಂದ ಇದೊಂದನ್ನೇ ಪುರಾವೆ ಎನ್ನಲಾರೆ. ಆದರೆ ಪಕ್ಕದಲ್ಲೇ ರಿವರ್ಸಿಂಗ್ ಸ್ಟೇಷನ್ ಇದ್ದದ್ದನ್ನು ಸೇರಿಸಿದರೆ ಅನುಮಾನ ಉಳಿಯದು. ಆ ಸ್ಟೇಷನ್ನಿನಲ್ಲಿ ಮಾರ್ಗ ಪ್ರಪಾತದ ಅಂಚಿಗೆ ಬಂದು ಮುಗಿಯುತ್ತಿತ್ತು. ತಿರುವು ಹಾಕಲು ಜಾಗವಿಲ್ಲದ್ದರಿಂದ ಎಂಜಿನ್ ಗಾಡಿಯ ಇನ್ನೊಂದು ತುದಿಗೆ ಬಂದು, ಬಂದ ದಿಕ್ಕಿಗೆ ವಿರುದ್ಧವಾಗಿ ಮೇಲಕ್ಕೆ ಎಳೆಯುತ್ತಿತ್ತು. ಘಾಟಿಯ ಅತಿ ಕಡಿದಾದ ಏರು 37ಕ್ಕೆ 1. ರಾಯಚೂರಿನಲ್ಲಿ ಮದ್ರಾಸು ರೈಲ್ವೆಯೊಂದಿಗೆ ಮಾರ್ಗ ಕೂಡಿಕೊಂಡ 1871ರಿಂದ ಮುಂದೆ ಕಲಬುರಗಿ, ರಾಯಚೂರಿನಿಂದ ಮುಂಬಯಿಗೆ ಹೊರಟ ಕನ್ನಡಿಗರೂ ಇಲ್ಲಿ ಹಿಂದುಮುಂದಾಗಿಯೇ ಘಾಟಿ ಇಳಿದರು.

ನಕ್ಷೆಯಲ್ಲಿ ಈ ರಿವರ್ಸಿಂಗ್ ಸ್ಟೇಷನ್ ಇಂಗ್ಲಿಷಿನ ‘ವೈ’ ಅಕ್ಷರದಂತೆ ಕಾಣಬೇಕು. ಅಲ್ಲಿ ನುಣುಪಾದ ಬಾಗು ಎಳೆದರೆ ಅದು ಇಲ್ಲದ ರೈಲು. ಮುಕ್ತ ದತ್ತಾಂಶದ ವ್ಯವಸ್ಥೆಗೆ ಇದನ್ನು ಹಿಡಿಯುವ ಶಕ್ತಿ ಇದೆ: ಹಳಿಗೆ ಒಂದು ‘ವೇ’ (ಗೆರೆ), ಮಾರ್ಗಕ್ಕೆ ಒಂದು ‘ರಿಲೇಷನ್’ (ಗೆರೆಗಳ ಗುಂಪು), ಓಡುವ ಗಾಡಿಗೆ ಇನ್ನೊಂದು. ಗಾಡಿಯ ರಿಲೇಷನ್ನಿನಲ್ಲಿ ಪ್ರಪಾತದಂಚಿನ ಆ ಕೊನೆಯ ತುಂಡು ಎರಡು ಸಲ ಬರಬೇಕು, ಹೋಗುವಾಗೊಮ್ಮೆ, ಮರಳುವಾಗೊಮ್ಮೆ. ಹಳಿಯನ್ನೇ ಗಾಡಿ ಎಂದುಕೊಂಡವರ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ.

ಸೇತುವೆಗೆ ನಿಶ್ಚಿತ ದಿನಾಂಕ ಕೊಡಲು ನಾನು ಒಪ್ಪುವುದಿಲ್ಲ. ಮಾರ್ಗದ ಇಸವಿ ಅದರ ಪ್ರತಿ ಕಲ್ಲಿನ ಇಸವಿಯಲ್ಲ. ಇದೇ ಘಾಟಿನ ಮ್ಹೌ-ಕಿ-ಮಾಲಿ ಸೇತುವೆ 1867ರ ಜುಲೈನಲ್ಲಿ, ಅಂದರೆ ಗಾಡಿ ಓಡಲು ಶುರುವಾಗಿ ನಾಲ್ಕೇ ವರ್ಷಕ್ಕೆ, ಕುಸಿದುಬಿತ್ತು; 1863ರ ಕಲ್ಲುಗಳೆಲ್ಲ ಹಾಗೇ ಉಳಿಯಲಿಲ್ಲ. ಘಾಟಿಯ ಕೆಲಸ ಆರಂಭವಾದದ್ದು 1856ರಲ್ಲಿ. ಅಮೃತಾಂಜನ್ ಕಮಾನುಗಳು ಅದಕ್ಕಿಂತ ಹಿಂದಿನವಲ್ಲ ಎಂಬುದಷ್ಟೇ ಗಟ್ಟಿಯಾಗಿ ಹೇಳಬಹುದಾದ ಮಾತು. ಅಂತ್ಯ ಮಾತ್ರ ಸ್ಪಷ್ಟ. ವಿದ್ಯುದೀಕರಣದ ಹೊತ್ತಿಗೆ, 1929ರಲ್ಲಿ, ಹೊಸ ಮಾರ್ಗ ಹಾಕಿ ರಿವರ್ಸಿಂಗ್ ಸ್ಟೇಷನ್ನನ್ನು ಕೈಬಿಟ್ಟರು. ಹೆಚ್ಚೆಂದರೆ 66 ವರ್ಷ ರೈಲು ಹೊತ್ತ ಸೇತುವೆ, 91 ವರ್ಷ ಖಾಲಿ ನಿಂತಿತ್ತು.

ಈಗ ಕಮಾನುಗಳೇ ಇಲ್ಲದಿರುವುದರಿಂದ ಅವನ್ನು ನಕ್ಷೆಯಿಂದ ತೆಗೆಯಬೇಕು ಎನ್ನುವವರಿದ್ದಾರೆ. ನೆಲದ ಮೇಲೆ ಇರುವುದನ್ನಷ್ಟೇ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಇಡಬೇಕೆಂಬ ಅವರ ನಿಯಮದಲ್ಲಿ ನ್ಯಾಯವಿದೆ. ಅಳಿದುಹೋದವುಗಳಿಗೆಂದೇ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಇದೆ. ಆರಂಭ, ಅಂತ್ಯ ಎರಡೂ ಇಸವಿಗಳೊಂದಿಗೆ ಹಳೆಯ ಹಳಿಯನ್ನು ಅಲ್ಲಿ ಇಡಬಹುದು. ಆದರೆ ತೆಗೆಯುವ ಮೊದಲು ಅಲ್ಲಿಗೆ ಸಾಗಿಸಬೇಕು. ಸುಮ್ಮನೆ ಅಳಿಸುವವರ ಮೇಲೆ ನನಗೆ ಸಹನೆ ಇಲ್ಲ.

ಪುಣೆಯಲ್ಲಿರುವ, ಘಾಟಿನ ನಕ್ಷೆಗೆ ಕೈಹಾಕುವ ಕನ್ನಡಿಗರಲ್ಲಿ ಕೇಳಿಕೊಳ್ಳುವುದಿಷ್ಟು. ಪಳಸದರಿ–ಖೋಪೋಲಿ 1856, ಖಂಡಾಳಾ–ಪುಣೆ 1858, ಘಾಟಿ 1863, ರಿವರ್ಸಿಂಗ್ ಸ್ಟೇಷನ್ 1863ರಿಂದ 1929ರವರೆಗೆ, ಹೀಗೆ ತುಂಡು ತುಂಡಾಗಿ ತುಂಬಿ. ಅಮೃತಾಂಜನ್ ಸೇತುವೆಗೆ ಆರಂಭದ ಇಸವಿ ಬೇಕಿದ್ದರೆ 1856ರ ನಂತರ ಎಂದಷ್ಟೇ ಬರೆಯಿರಿ. 1830 ಎಂದು ಎಲ್ಲಿ ಕಂಡರೂ ಅದನ್ನು ಮಾಲ್ಕಮನ ರಸ್ತೆಗೆ ಹಿಂದಿರುಗಿಸಿ.